ಗುರುವಾರದ ಏಳೂವರೆ

೧೯೯೭ರ ಜೂನ್ ಹನ್ನೆರಡು, ಗುರುವಾರ, ಸಂಜೆ ಏಳು ಗಂಟೆ ಮೂವತ್ತು ನಿಮಿಷ. ಹಡರ್ಸ್‌ಫೀಲ್ಡ್ ಊರಿನ ಸಾಲುಮನೆಯೊಂದರ ಮಹಡಿಯ ಹಿಂಕೋಣೆಯಲ್ಲಿ ಥೆಲ್ಮಾ ಹೇಗ್ ಬಾಗಿಲಿಗೆ ಚಿಲಕ ಹಾಕಿ, ಬಿಸಿಲು ಬೀಳದಂತೆ ಪರದೆ ಎಳೆದು, ಬೆನ್ನು ನೇರ ಮಾಡಿಕೊಂಡು ಕುಳಿತಿದ್ದಳು. ಎದುರಿಗೆ ಮೂರೂವರೆ ಅಡಿ ದೂರದಲ್ಲಿ ಒಂದು ಖಾಲಿ ಕುರ್ಚಿ. ಎರಡರ ನಡುವೆ ಪುಟ್ಟ ಸ್ಟೂಲಿನ ಮೇಲೆ ಕಡುಗೆಂಪು ಬಣ್ಣದ ಒಂದು ಕಾರ್ಡು. ಅದರಲ್ಲಿ ಒಂದೇ ಒಂದು ಹೀಬ್ರೂ ಅಕ್ಷರ.

ಅವಳು ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಆ ಕಾರ್ಡನ್ನು ಬಾಗಿಲಿನಷ್ಟು ದೊಡ್ಡದು ಮಾಡಿ, ಅದರೊಳಗೆ ನಡೆದುಹೋದಳು. ಕೊಳ ಬಂತು. ಕೊಳದಾಚೆ ಒಂದು ನಾಯಿ, ಒಂದು ತೋಳ. ಅವನ್ನು ದಾಟಿದರೆ ಎರಡು ಗೋಪುರ, ನಡುವೆ ದಾರಿ. ಆ ಗೋಪುರಗಳ ಬುಡದಲ್ಲಿ ಕ್ಲೆಮ್ ಸ್ಟೋರ್ ನಿಂತಿರಬೇಕಾಗಿತ್ತು. ಥೆಲ್ಮಾ ಕಾದಳು. ಬೆಳದಿಂಗಳಿತ್ತು, ಕ್ಲೆಮ್ ಇರಲಿಲ್ಲ.

ನಲವತ್ತು ನಿಮಿಷದ ನಂತರ ಕಣ್ಣು ತೆರೆದು ದಾಖಲೆ ಬರೆದಳು. ಹವೆ: ಒಣ, ಬಿಸಿಲು. ಚಂದ್ರ: ಅರ್ಧವಾಗಲು ಒಂದು ದಿನ ಬಾಕಿ. ನಾಡಿ: ಅರವತ್ತೆಂಟು. ಜೊತೆಗಾರ: ಬರಲಿಲ್ಲ.

ಏಪ್ರಿಲ್ ತಿಂಗಳಿಂದ ಲೆಕ್ಕ ಹಾಕಿದರೆ ಅವಳು ಹಾಗೆ ಬರೆದದ್ದು ಅದು ಹನ್ನೊಂದನೆಯ ಸಲ.

ಥೆಲ್ಮಾ ಹುಟ್ಟಿದ್ದು ೧೯೪೬ರಲ್ಲಿ, ಅದೇ ಬೀದಿಯಲ್ಲಿ. ಹದಿನಾರನೆಯ ವಯಸ್ಸಿಗೆ ಉಣ್ಣೆಗೆ ಬಣ್ಣ ಹಾಕುವ ಕಾರ್ಖಾನೆ ಸೇರಿದಳು. ಇಪ್ಪತ್ತೆರಡಕ್ಕೆ ಬಣ್ಣ ಹೊಂದಿಸುವ ಮೇಜಿಗೆ ಬಂದಳು. ಉತ್ತರದ ಕಿಟಕಿಯ ಬೆಳಕಿನಲ್ಲಿ ಗಿರಾಕಿ ಕಳಿಸಿದ ತುಂಡನ್ನೂ ಹಂಡೆಯಿಂದ ಬಂದ ತುಂಡನ್ನೂ ಪಕ್ಕಪಕ್ಕ ಇಟ್ಟು, ಎರಡೂ ಒಂದೇ ಹೌದೋ ಅಲ್ಲವೋ ಎಂದು ಹೇಳುವುದು ಅವಳ ಕೆಲಸ. ‘ಸುಮಾರಾಗಿ ಹೊಂದುತ್ತದೆ’ ಎಂಬ ಮಾತು ಆ ಮೇಜಿನಲ್ಲಿ ನಡೆಯುತ್ತಿರಲಿಲ್ಲ. ಮದುವೆಯಾಗಲಿಲ್ಲ. ತಾಯಿ ಸಾಯುವವರೆಗೆ ತಾಯಿಯನ್ನು ನೋಡಿಕೊಂಡಳು.

೧೯೮೩ರ ಚಳಿಗಾಲದಲ್ಲಿ ಊರಿನ ಗ್ರಂಥಾಲಯದಲ್ಲಿ ಕೈಗೆ ಸಿಕ್ಕ ಹಳೆಯ ಪುಸ್ತಕವೊಂದರಲ್ಲಿ ಅವಳು ಬಣ್ಣಗಳ ಒಂದು ಪಟ್ಟಿ ಕಂಡಳು. ಹತ್ತು ನೆಲೆಗಳು, ಅವುಗಳನ್ನು ಕೂಡಿಸುವ ಇಪ್ಪತ್ತೆರಡು ದಾರಿಗಳು, ಒಟ್ಟು ಮೂವತ್ತೆರಡು; ಮೊದಲ ಹತ್ತು ಸಂಖ್ಯೆ ನೆಲೆಗಳಿಗೆ, ಹನ್ನೊಂದರಿಂದ ದಾರಿಗಳಿಗೆ. ಒಂದೊಂದಕ್ಕೂ ನಾಲ್ಕು ಬಣ್ಣ. ಅದು ಜೀವವೃಕ್ಷ. ಯಹೂದಿಗಳ ಕಬ್ಬಾಲಾ ವಿದ್ಯೆಯಿಂದ ಬಂದದ್ದು, ನೂರು ವರ್ಷದ ಹಿಂದೆ ಲಂಡನ್ನಿನ ಮಾಂತ್ರಿಕ ಮಂಡಲಿಗಳು ಎತ್ತಿಕೊಂಡು ತಮ್ಮ ಸಾಧನೆಯ ನಕಾಶೆ ಮಾಡಿಕೊಂಡದ್ದು. ಅದೆಲ್ಲ ಥೆಲ್ಮಾಗೆ ಆಮೇಲೆ ತಿಳಿಯಿತು. ಮೊದಲು ಅವಳನ್ನು ಹಿಡಿದದ್ದು ಒಂದೇ: ಪ್ರಪಂಚದಲ್ಲಿ ಇರುವುದಕ್ಕೆಲ್ಲ ಒಂದು ಬಣ್ಣವಿದೆ, ಆ ಬಣ್ಣ ಇದೇ ಎಂದು ಯಾರೋ ಖಚಿತವಾಗಿ ಬರೆದಿಟ್ಟಿದ್ದಾರೆ.

ಊರಲ್ಲೇ ಅಂಥ ಮಂಡಲಿಯೊಂದು ಇತ್ತು. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಕೋಣೆ, ಒಂಬತ್ತು ಜನ: ಒಬ್ಬ ಕೊಳಾಯಿ ಕೆಲಸದವನು, ಒಬ್ಬಳು ಶಾಲೆಯ ಅಡುಗೆಯವಳು, ಹೀಗೆ. ಹಿರಿಯಳು ಮಿಸೆಸ್ ಓಲ್ಡ್‌ರಾಯ್ಡ್. ದಾಖಲೆಗಳ ಪೆಟ್ಟಿಗೆಯ ಬೀಗದ ಕೈ ಅವಳದ್ದು. ಥೆಲ್ಮಾ ತಾನು ಸೇರಿದ ವರ್ಷವೇ ಗೋಡೆಯ ಮೇಲಿನ ಮಾಸಿದ ವೃಕ್ಷವನ್ನು ಕೆರೆದು ಹೊಸದಾಗಿ ಬರೆಯತೊಡಗಿದಳು. ಹದಿನಾಲ್ಕು ತಿಂಗಳು ಹಿಡಿಯಿತು.

ಕಾರ್ಖಾನೆಯ ರಸಾಯನದವನು ಹೈಮನ್ ಲಿಪ್ಮನ್, ಲೀಡ್ಸ್‌ನಿಂದ ರೈಲಿನಲ್ಲಿ ಬರುವವನು. ಒಂದು ಮಧ್ಯಾಹ್ನ ಅವಳ ಬಣ್ಣದ ಪಟ್ಟಿ ನೋಡಿ ಕನ್ನಡಕ ಹಣೆಗೇರಿಸಿದ.

“ಇದು ನಮ್ಮಜ್ಜನ ಮರ ಅಲ್ವಾ? ಇಲ್ಲೇನು ಮಾಡ್ತಾ ಇದೆ?”

“ನಿಮ್ಮಜ್ಜಂದೇ. ನಾವು ಬಣ್ಣ ಹಾಕ್ತಾ ಇದ್ದೀವಿ.”

“ಈ ನರಿತಲೆ ದೇವರು?”

“ಈಜಿಪ್ಟಿಂದು.”

“ಇಸ್ಪೀಟೆಲೆ?”

“ಭವಿಷ್ಯ ಹೇಳೋ ಎಲೆ. ದಾರಿಗೊಂದು.”

“ಅಯ್ಯೋ ದೇವರೇ! ನಮ್ಮಜ್ಜ ನಲವತ್ತು ದಾಟಿ, ಹೆಂಡ್ತಿ ಇದ್ದು, ಹೊಟ್ಟೆ ತುಂಬಿರೋನಿಗೆ ಮಾತ್ರ ಇದನ್ನ ಮುಟ್ಟೋಕೆ ಬಿಡ್ತಿದ್ರು. ನೀವು ಗುರುವಾರ ಗುರುವಾರ ಚಪ್ಪಲಿ ಅಂಗಡಿ ಮೇಲೆ ಕೂತು ಮಾಡ್ತೀರಿ.”

“ನನಗೂ ಇನ್ನೇನು ನಲವತ್ತು. ಹೆಂಡ್ತಿ ಎಲ್ಲಿಂದ ತರಲಿ, ಲಿಪ್ಮನ್ನರೇ?”

ಅವನು ನಕ್ಕ. ನಕ್ಕಮೇಲೆ ಪಟ್ಟಿಯಲ್ಲಿ ಎರಡು ಅಕ್ಷರ ತಲೆಕೆಳಗಾಗಿದ್ದದ್ದನ್ನು ಪೆನ್ಸಿಲಿನಿಂದ ತಿದ್ದಿಕೊಟ್ಟ.

ಕ್ಲೆಮ್ ಸ್ಟೋರ್ ಮಂಡಲಿಗೆ ಬಂದದ್ದು ೧೯೮೯ರಲ್ಲಿ. ಕಾಲುವೆಯ ಬಾಗಿಲು ಕಾಯುವ ಕೆಲಸ, ದೊಡ್ಡ ಕೈ, ಕಡಿಮೆ ಮಾತು. ಮಂಡಲಿಯಲ್ಲಿ ಸಾಧನೆ ಜೋಡಿಯಾಗಿ ನಡೆಯುತ್ತದೆ. ಇಬ್ಬರು ಎದುರುಬದುರು ಕುಳಿತು ಒಂದೇ ದಾರಿಯನ್ನು ಮನಸ್ಸಿನಲ್ಲಿ ಹಿಡಿಯುತ್ತಾರೆ. ಕಂಡದ್ದನ್ನು ಬೇರೆಬೇರೆಯಾಗಿ ಬರೆದು ಮುಚ್ಚಿ ಹಿರಿಯಳಿಗೆ ಕೊಡುತ್ತಾರೆ. ಹಿರಿಯಳೂ ಅದನ್ನು ಒಡೆಯುವಂತಿಲ್ಲ. ಮೂವತ್ತೆರಡನೆಯ ದಾರಿಯಿಂದ ಹನ್ನೊಂದರವರೆಗೆ ಕೆಳಗಿನಿಂದ ಮೇಲಕ್ಕೆ ಪೂರ್ತಿ ಏರಿ ಮುಗಿಯುವವರೆಗೆ ಜೊತೆಗಾರರು ಅದರ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಥೆಲ್ಮಾಗೆ ಕ್ಲೆಮ್ ಜೊತೆಯಾದ. ಆರು ವರ್ಷ ಅವರು ಆ ಕೋಣೆಯಲ್ಲಿ ಕುಳಿತು ಹತ್ತು ನೆಲೆಗಳನ್ನು ಕಲಿತರು. ಮುಖಾಮುಖಿ, ಮೂರೂವರೆ ಅಡಿ. ಅವನ ಉಸಿರು ಯಾವಾಗ ನಿಧಾನವಾಗುತ್ತದೆ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು. ಅದಕ್ಕಿಂತ ಹತ್ತಿರ ಅವಳು ಬೇರೆ ಯಾರ ಬಳಿಯೂ ಕುಳಿತವಳಲ್ಲ.

೧೯೯೫ರಲ್ಲಿ, ದಾರಿಗಳನ್ನು ಹಿಡಿಯಬೇಕಾದ ಹೊತ್ತಿಗೆ, ಕ್ಲೆಮ್‌ಗೆ ತನ್ನ ಹುಟ್ಟೂರು ವಿಟ್ಬಿಯಲ್ಲಿ ಕೆಲಸವಾಯಿತು. ಕಡಲತೀರದ ಊರು; ಬಂದರಿನ ತಿರುಗುಸೇತುವೆಯನ್ನು, ಕಡಲು ಉಬ್ಬುವ ಭರತದ ಹೊತ್ತಿಗೆ, ದೋಣಿಗಳಿಗೆ ತೆರೆಯುವ ಕೆಲಸ. ಸೆಪ್ಟೆಂಬರಿನ ಕೊನೆಯಲ್ಲಿ ಅವನು ಹೊರಟಾಗ ಥೆಲ್ಮಾ ಸ್ಟೇಷನ್ನಿಗೆ ಹೋದಳು.

“ದೂರದಿಂದ್ಲೇ ಮಾಡೋಣ. ನಿಯಮದಲ್ಲಿ ಅವಕಾಶ ಇದೆ,” ಎಂದ ಕ್ಲೆಮ್. “ಅವರವರ ಮನೇಲಿ, ಎದುರಿಗೆ ಒಂದು ಖಾಲಿ ಕುರ್ಚಿ ಇಟ್ಕೊಂಡು.”

“ಗೊತ್ತು. ಎಷ್ಟು ಹೊತ್ತಿಗೆ?”

“ಗುರುವಾರ ಏಳೂವರೆ?”

“ಏಳೂವರೆ ಅಂದ್ರೆ ಏಳೂವರೆ. ನಾನು ಕಾಯಿಸೋಳಲ್ಲ.”

“ನಾನೇನು ಕಾಯಿಸೋನಾ? ಸೇತುವೆ ಕಾಯೋನು ತಡ ಮಾಡಿದ್ರೆ ದೋಣಿ ಬಂದು ಗುದ್ದತ್ತೆ,” ಎಂದು ಅವನು ಹಲ್ಲು ಬಿಟ್ಟ. ಆಮೇಲೆ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ರೈಲು ಹೋಯಿತು.

ಹಗಲಿರುಳು ಸಮವಾಗುವ ದಿನಗಳು ವರ್ಷಕ್ಕೆ ಎರಡು, ಮಾರ್ಚಿಗೊಂದು, ಸೆಪ್ಟೆಂಬರಿಗೊಂದು. ಅಂದು ಎಲ್ಲರೂ ಚಪ್ಪಲಿ ಅಂಗಡಿಯ ಮೇಲೆ ಸೇರಬೇಕು. ಅಲ್ಲಿಂದಲ್ಲಿಗೆ ಒಂದು ದಾರಿ ಮುಗಿದು ಇನ್ನೊಂದು ತೊಡಗುತ್ತದೆ. ಆ ಎರಡು ದಿನ ಕ್ಲೆಮ್ ಬರುತ್ತಿದ್ದ. ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತ ಬಸ್ಸು, ರೈಲು, ಕಡಲಗಾಳಿಯ ವಿಷಯ ಮಾತಾಡುತ್ತಿದ್ದರು. ಉಳಿದದ್ದೆಲ್ಲ ಲಕೋಟೆಗಳಲ್ಲಿ ಮುಚ್ಚಿ ಮಿಸೆಸ್ ಓಲ್ಡ್‌ರಾಯ್ಡ್ ಪೆಟ್ಟಿಗೆ ಸೇರುತ್ತಿತ್ತು.

ಚಳಿಗಾಲದಲ್ಲಿ ಅವನು ಇರುತ್ತಿದ್ದ. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಕಣ್ಣು ಮುಚ್ಚಿದೊಡನೆ ದಾರಿಯ ತಿರುವಿನಲ್ಲಿ ಒದ್ದೆ ಬೂಟು ಹಾಕಿಕೊಂಡು ನಿಂತಿರುತ್ತಿದ್ದ. ಮಾತಿಲ್ಲ, ಒಟ್ಟಿಗೆ ನಡೆಯುವುದಷ್ಟೇ. ಶುಕ್ರವಾರ ಬೆಳಿಗ್ಗೆ ಬಣ್ಣದ ಮೇಜಿನಲ್ಲಿ ಅವಳ ಕಣ್ಣು ಎಂದಿಗಿಂತ ಚುರುಕಾಗಿರುತ್ತಿತ್ತು. ಮಾರ್ಚ್ ಮುಗಿದು ಹಗಲು ಉದ್ದವಾಗತೊಡಗಿದರೆ ಅವನು ಇಲ್ಲ. ಪ್ರತಿ ವರ್ಷ ಹೀಗೆಯೇ. ಮೊದಲ ವರ್ಷ ತನ್ನ ಗಮನ ಸಾಲದೆಂದುಕೊಂಡಳು. ಎರಡನೆಯ ವರ್ಷ ಕಾಫಿ ಬಿಟ್ಟಳು. ಮೂರನೆಯ ವರ್ಷ, ಬೇಸಿಗೆಯಲ್ಲಿ ವಿಟ್ಬಿಗೆ ಪ್ರವಾಸಿಗಳು ಬರುತ್ತಾರೆ, ಸೇತುವೆ ಬಿಟ್ಟು ಬರಲಾಗುವುದಿಲ್ಲ ಎಂದು ತಾನೇ ಅವನ ಪರವಾಗಿ ವಾದಿಸಿದಳು. ಆಮೇಲೆ ವಾದಿಸುವುದನ್ನು ಬಿಟ್ಟಳು. ಅವನಿಗೆ ಬೇಕೆನಿಸಿದಾಗ ಮಾತ್ರ ಬರುತ್ತಾನೆ ಎಂದುಕೊಂಡಳು. ಆದರೂ ಪ್ರತಿ ಗುರುವಾರ ಏಳೂವರೆಗೆ ಕುರ್ಚಿಯ ದೂಳು ಒರೆಸಿ ಕೂರುತ್ತಿದ್ದಳು.

ಹೀಗಾಗಿ ಸೆಪ್ಟೆಂಬರಿನ ಸಭೆಗಳಲ್ಲಿ ಅವಳ ಮುಖ ಸ್ವಲ್ಪ ಬಿಗಿಯಾಗಿರುತ್ತಿತ್ತು. ೨೦೦೧ರಲ್ಲಿ ಕ್ಲೆಮ್ ಚಹಾದ ಬಟ್ಟಲು ಹಿಡಿದು ಪಕ್ಕದಲ್ಲಿ ಬಂದು ನಿಂತ.

“ನಿಮಗೆ ಬೇಸಿಗೇಲಿ ಸ್ವಲ್ಪ ಅವಸರ ಜಾಸ್ತಿ ಅಲ್ವಾ?” ಎಂದ, ಮೆಲ್ಲಗೆ.

“ನನಗಾ? ಪುರುಸೊತ್ತಿಲ್ದೇ ಇರೋದು ನಿಮಗೆ.”

“ನನಗೆ ಪುರುಸೊತ್ತಿಲ್ಲ ಅಂತ ಯಾರು ಹೇಳಿದ್ರು?”

“ಏನು ಗುಸುಗುಸು ಅಲ್ಲಿ?” ಮಿಸೆಸ್ ಓಲ್ಡ್‌ರಾಯ್ಡ್ ಕೋಣೆಯ ಆ ತುದಿಯಿಂದ ಗದರಿದಳು. “ದಾರಿ ವಿಷ್ಯ ಮಾತಾಡ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ? ಇಷ್ಟು ವಯಸ್ಸಾಗಿದೆ!”

ಇಬ್ಬರೂ ಬಾಯಿ ಮುಚ್ಚಿಕೊಂಡರು. ನಿಯಮ ಮುರಿಯುವ ಜಾಯಮಾನ ಇಬ್ಬರದ್ದೂ ಆಗಿರಲಿಲ್ಲ.

೨೦೦೫ರ ಬೇಸಿಗೆಗೆ ಅವರು ಹದಿಮೂರನೆಯ ದಾರಿಯಲ್ಲಿದ್ದರು. ವೃಕ್ಷದ ನಟ್ಟನಡುವೆ ತುದಿಯವರೆಗೆ ಹೋಗುವ ಉದ್ದ ದಾರಿ. ಬರಿಯ ಮರಳು, ಒಂಟೆಯ ಅಕ್ಷರ. ಅದು ಮುಗಿದರೆ ಇನ್ನೆರಡು. ಆಮೇಲೆ ಮಾತಾಡಬಹುದಾಗಿತ್ತು. ಜೂನ್ ಹದಿನಾರರ ಗುರುವಾರ ಥೆಲ್ಮಾ ಎಂದಿನಂತೆ ಕುಳಿತು, ಎಂದಿನಂತೆ ‘ಬರಲಿಲ್ಲ’ ಎಂದು ಬರೆದಳು. ಶುಕ್ರವಾರ ಫೋನ್ ಬಂತು. ಕ್ಲೆಮ್ ಮಂಗಳವಾರವೇ, ಸೇತುವೆಯ ಪಕ್ಕದ ತನ್ನ ಕೋಣೆಯಲ್ಲಿ, ಎದೆನೋವಿನಿಂದ ತೀರಿಹೋಗಿದ್ದ.

ಜೋಡಿಯಲ್ಲಿ ಒಬ್ಬರು ಹೋದರೆ ಮಂಡಲಿಯಲ್ಲಿ ಒಂದು ಕ್ರಮವಿದೆ. ಇಬ್ಬರ ದಾಖಲೆಗಳನ್ನೂ ಬದುಕಿರುವ ಜೊತೆಗಾರರಿಗೆ ಕೊಡುತ್ತಾರೆ. ಅವರು ಒಮ್ಮೆ ಮಾತ್ರ ಓದಿ, ಮುಂದಿನ ಸಭೆಗೆ ತಂದು, ‘ನೀವಿಬ್ಬರೂ ಎಷ್ಟು ಸಲ ಒಟ್ಟಿಗೆ ಕುಳಿತಿರಿ?’ ಎಂದು ಹಿರಿಯಳು ಕೇಳಿದಾಗ ಒಂದು ಸಂಖ್ಯೆಯನ್ನು ಎಲ್ಲರೆದುರು ಹೇಳಬೇಕು. ಆ ಸಂಖ್ಯೆ ಮಂಡಲಿಯ ಪುಸ್ತಕದಲ್ಲಿ ಹೋದವರ ಹೆಸರಿನ ಮುಂದೆ ಉಳಿಯುತ್ತದೆ. ಉಳಿದದ್ದನ್ನೆಲ್ಲ ಅಲ್ಲೇ ಸುಡುತ್ತಾರೆ.

“ಐನೂರು ಅಂತ ಹೇಳ್ಬಿಡು,” ಎಂದಳು ಮಿಸೆಸ್ ಓಲ್ಡ್‌ರಾಯ್ಡ್ ಪೆಟ್ಟಿಗೆ ಕೊಡುತ್ತ. “ಎಲ್ಲರೂ ಸುಮಾರಾಗೇ ಹೇಳೋದು ಕಣೇ. ಹತ್ತು ವರ್ಷ ಗುರುವಾರ ಬಿಟ್ಟಿಲ್ಲ ನೀವು. ನೋಡೋಕೂ ಚೆನ್ನಾಗಿರತ್ತೆ.”

“ನೋಡ್ತೀನಿ,” ಎಂದಳು ಥೆಲ್ಮಾ.

ಅಡುಗೆಮನೆಯ ಮೇಜಿನ ಮೇಲೆ ಎರಡು ಕಟ್ಟುಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಬಣ್ಣದ ತುಂಡುಗಳನ್ನು ನೋಡುವ ಹಾಗೆ, ತಾರೀಖಿಗೆ ತಾರೀಖು ಓದತೊಡಗಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಸಂಗತಿ: ಬೇಸಿಗೆಗಳಲ್ಲಿ ಅವನು ಎಲ್ಲಿದ್ದ?

ಕ್ಲೆಮ್ ಎಲ್ಲೂ ಇರಲಿಲ್ಲವೆಂದೇನಿಲ್ಲ. ಪ್ರತಿ ಗುರುವಾರ ಕುಳಿತಿದ್ದ. ಪ್ರತಿ ಹಾಳೆಯಲ್ಲೂ ಏಳೂವರೆ ಎಂದೇ ಬರೆದಿತ್ತು. ಚಳಿಗಾಲದ ಹಾಳೆಗಳಲ್ಲಿ ‘ಜೊತೆಗಾತಿ: ಇದ್ದಾರೆ.’ ಬೇಸಿಗೆಯ ಹಾಳೆಗಳಲ್ಲಿ ಬೇರೆ ಬೇರೆ ಮಾತುಗಳಲ್ಲಿ ಒಂದೇ ವಿಷಯ: ‘ಈಗಷ್ಟೇ ಹೋದ ಹಾಗಿದೆ.’ ‘ಮರಳಲ್ಲಿ ಹೆಜ್ಜೆ ಇದೆ, ಅವರಿಲ್ಲ.’ ‘ಇವತ್ತೂ ಕಾಯಲಿಲ್ಲ.’

ಥೆಲ್ಮಾ ಎದ್ದು ನೀರು ಕುಡಿದು ಬಂದಳು.

ಅವಳ ಕಣ್ಣಿಗೆ ಬಿದ್ದದ್ದು ೧೯೯೭ರ ಆಗಸ್ಟ್ ಇಪ್ಪತ್ತೆಂಟರ ಹಾಳೆ. ಅವಳದ್ದರಲ್ಲಿ: ‘ಏಳೂವರೆ. ಬೀರುವಿನ ಮೇಲೆ ಬಿಸಿಲು. ಪರದೆ ಎಳೆಯಬೇಕಾಯಿತು.’ ಅವನದ್ದರಲ್ಲಿ: ‘ಏಳೂವರೆ. ಬಂದರು ಕತ್ತಲಾಗಿದೆ. ದೀಪ ಹಚ್ಚಿದೆ.’ ಎರಡೂ ಊರುಗಳಲ್ಲಿ ಅಂದು ಮೋಡವಿಲ್ಲ. ವಿಟ್ಬಿ ಪೂರ್ವಕ್ಕಿದೆ, ಅಲ್ಲಿ ಸೂರ್ಯ ಮೊದಲು ಮುಳುಗುತ್ತಾನೆ, ನಿಜ. ಆದರೆ ಎಷ್ಟು ಮೊದಲು? ಅವಳು ನಕಾಶೆ ತೆಗೆದು ರೇಖಾಂಶ ನೋಡಿ ಲೆಕ್ಕ ಮಾಡಿದಳು. ಐದು ನಿಮಿಷವೂ ಇಲ್ಲ. ಐದು ನಿಮಿಷಕ್ಕೆ ಬಿಸಿಲು ಹೋಗಿ ಕತ್ತಲಾಗುವುದಿಲ್ಲ.

ಮರುದಿನ ಬೆಳಿಗ್ಗೆ ವಿಟ್ಬಿಯ ಸೇತುವೆಗೆ ಫೋನ್ ಮಾಡಿದಳು. ಎತ್ತಿದವನು ಕ್ಲೆಮ್‌ನ ಜೊತೆಕೆಲಸದವನು.

“ಕ್ಲೆಮ್ ಕೋಣೇಲಿ ಗಡಿಯಾರ ಇತ್ತಾ?”

“ಇತ್ತಲ್ಲ, ಗೋಡೆ ಮೇಲಿಂದು. ಈಗ್ಲೂ ಇದೆ. ಯಾಕಮ್ಮಾ?”

“ಈಗ ಅದರಲ್ಲಿ ಎಷ್ಟಾಗಿದೆ ನೋಡಿ ಹೇಳ್ತೀರಾ?”

“ಒಂಬತ್ತೂಕಾಲು. ಅಂದ್ರೆ ನಿಮಗೆ ಹತ್ತೂಕಾಲು. ಅದು ಗ್ರೀನಿಚ್ ಗಡಿಯಾರ ಕಣಮ್ಮ. ಭರತದ ಪಟ್ಟಿ ಗ್ರೀನಿಚ್ ಹೊತ್ತಲ್ಲೇ ಬರೋದು, ಬೇಸಿಗೆ ಬಂತು ಅಂತ ಕಡಲು ಮುಳ್ಳು ತಿರುಗಿಸ್ಕೊಳತ್ತಾ? ದೇಶದವರೆಲ್ಲ ಮಾರ್ಚಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಟ್ಕೋತಾರೆ, ಅಕ್ಟೋಬರಲ್ಲಿ ಹಿಂದೆ ತರ್ತಾರೆ. ನಾವು ಮುಟ್ಟೋದೇ ಇಲ್ಲ. ಕ್ಲೆಮ್ ಅಂತೂ ಮುಟ್ಟೋಕೆ ಬಿಡ್ತಾನೇ ಇರ್ಲಿಲ್ಲ. ಕೈಗಡಿಯಾರ ರೈಲಿಗೆ, ಇದು ಕೆಲಸಕ್ಕೆ, ಅಂತಿದ್ದ.”

ಥೆಲ್ಮಾ ಫೋನ್ ಇಟ್ಟು, ಮಂಡಲಿಯ ನಿಯಮಗಳ ಪುಟ್ಟ ಪುಸ್ತಕ ತೆಗೆದಳು. ಅದು ೧೯೦೮ರಲ್ಲಿ ಅಚ್ಚಾದದ್ದು; ಆಗ ಮುಳ್ಳು ತಿರುಗಿಸುವ ಪದ್ಧತಿಯೇ ಇರಲಿಲ್ಲ. ನಾಲ್ಕನೆಯ ಪುಟದಲ್ಲಿ ಇತ್ತು: ‘ಎಲ್ಲ ಸಾಧನೆಯ ಹೊತ್ತೂ ಗ್ರೀನಿಚ್ ಪ್ರಕಾರ.’ ಅವಳು ಅದನ್ನು ಓದಿದ್ದಳು. ಎಲ್ಲರೂ ಓದಿದ್ದರು. ಕ್ಲೆಮ್ ಒಬ್ಬ ಪಾಲಿಸಿದ್ದ. ಅವಳು ಸಾಧನೆ ಮುಗಿಸಿ, ದಾಖಲೆ ಬರೆದು, ಕೆಳಗೆ ಬಂದು ಪಾತ್ರೆ ತೊಳೆಯುವ ಹೊತ್ತಿಗೆ, ಎಪ್ಪತ್ತು ಚಿಲ್ಲರೆ ಮೈಲಿ ಆಚೆ ಅವನು ಆಗ ತಾನೇ ಕಣ್ಣು ಮುಚ್ಚಿ ಅವಳನ್ನು ಹುಡುಕಲು ಹೊರಡುತ್ತಿದ್ದ. ಹತ್ತು ಬೇಸಿಗೆ.

ಅವಳು ಇದನ್ನು ಹೇಳಿಕೊಂಡದ್ದು ಲಿಪ್ಮನ್ ಒಬ್ಬನಿಗೆ. ನಿವೃತ್ತನಾಗಿ ಲೀಡ್ಸ್‌ನಲ್ಲಿದ್ದ ಅವನ ಮನೆಗೆ ಹೋದಾಗ ಜೇನಿನ ಕೇಕು ಕೊಯ್ಯುತ್ತಿದ್ದ. ಪೂರ್ತಿ ಕೇಳಿ ಜೋರಾಗಿ ನಕ್ಕುಬಿಟ್ಟ. ಅವಳ ಮುಖ ನೋಡಿ ಚಾಕು ಕೆಳಗಿಟ್ಟ.

“ತಪ್ಪಾಯ್ತು, ಥೆಲ್ಮಾ. ನಗಬಾರದಿತ್ತು.”

“ನಗಿ. ಯಾರಾದ್ರೂ ನಗ್ಬೇಕಲ್ಲ.”

“ಅಲ್ಲ, ಎರಡು ಸಾವಿರ ವರ್ಷದಿಂದ ನಮ್ಮವರು ಜಗಳ ಆಡ್ತಾನೇ ಇದ್ದಾರೆ. ಮೊದಲನೇ ಜಗಳವೇ ಯಾವುದು ಗೊತ್ತಾ? ಸಂಜೆ ಪ್ರಾರ್ಥನೆ ಅಂದ್ರಲ್ಲ, ಸಂಜೆ ಅಂದ್ರೆ ಎಷ್ಟು ಹೊತ್ತಿಗೆ? ನೀವು ನಮ್ಮ ಮರ ತಗೊಂಡ್ರಿ, ಅಕ್ಷರ ತಗೊಂಡ್ರಿ, ದೇವದೂತರ ಹೆಸರೂ ಬಿಡ್ಲಿಲ್ಲ. ಜಗಳ ಒಂದನ್ನ ಬಿಟ್ಟು ಹೋದ್ರಲ್ಲ ಮಾರಾಯ್ತಿ! ಬಾಯಿ ಮುಚ್ಕೊಂಡು ಕೂತಿರಿ ಅನ್ನೋ ನಿಯಮ ಯಾವ ಪುಣ್ಯಾತ್ಮ ಮಾಡಿದ್ದು?”

“ಒಂದು ಸಲ ಕೇಳಿದ್ರು ಅವರು. ನಾನೇ ಮುಖಕ್ಕೆ ಹೊಡೆದ ಹಾಗೆ ಮಾತಾಡ್ದೆ.”

ಲಿಪ್ಮನ್ ಕೇಕಿನ ದೊಡ್ಡ ತುಂಡನ್ನು ಅವಳ ತಟ್ಟೆಗೆ ಇಟ್ಟ.

“ಈಗ ಎಷ್ಟು ಅಂತ ಹೇಳ್ತೀಯಾ ಅವರಿಗೆ?” ಎಂದ.

“ಎಷ್ಟಿದೆಯೋ ಅಷ್ಟು.”

“ಐನೂರು ಅಂದ್ರೆ ಯಾರಿಗೆ ನಷ್ಟ? ಅವನೂ ಕೂತಿದ್ದ, ನೀನೂ ಕೂತಿದ್ದೆ.”

“ಒಟ್ಟಿಗೆ ಎಷ್ಟು ಅಂತ ಕೇಳೋದು, ಲಿಪ್ಮನ್ನರೇ. ಅವರ ಹೆಸರಿನ ಮುಂದೆ ಉಳಿಯೋದು ಅದೊಂದೇ. ಅದೂ ಸುಳ್ಳಾದ್ರೆ ನನ್ನ ಹತ್ರ ಅವರದ್ದು ಅಂತ ಏನಿರತ್ತೆ?”

ಸೆಪ್ಟೆಂಬರಿನವರೆಗೆ ಅವಳು ಎಣಿಸಿದಳು. ಒಟ್ಟು ಗುರುವಾರಗಳು ಐನೂರ ಏಳು. ಗಡಿಯಾರಗಳು ಒಂದಾಗಿದ್ದ ಹತ್ತು ಚಳಿಗಾಲದ ಗುರುವಾರಗಳು ಇನ್ನೂರ ಹದಿನೆಂಟು. ಅದರಲ್ಲಿ ಅವಳ ಜ್ವರ, ತಾಯಿಯ ತಂಗಿಯ ಮಣ್ಣು, ಅವನ ಬಿರುಗಾಳಿ ಕಾವಲು, ಹೀಗೆ ಇಬ್ಬರಲ್ಲಿ ಒಬ್ಬರು ತಪ್ಪಿಸಿದ್ದು ಹದಿನಾಲ್ಕು. ಕಳೆದರೆ ಇನ್ನೂರ ನಾಲ್ಕು. ಮೂರು ಸಲ ಕೂಡಿ ಕಳೆದು ನೋಡಿದಳು. ಮೂರು ಸಲವೂ ಅದೇ ಬಂತು. ಅರ್ಧಕ್ಕಿಂತ ಎಷ್ಟೋ ಕಡಿಮೆ. ಕಾಗದವನ್ನು ಮಡಚಿ ಚೀಲದಲ್ಲಿಟ್ಟಳು.

ಸಭೆಯ ಹಿಂದಿನ ದಿನ, ಕಟ್ಟುಗಳಿಗೆ ದಾರ ಕಟ್ಟುವ ಮೊದಲು, ಬೇಸಿಗೆಯ ಹಾಳೆಗಳನ್ನು ಇನ್ನೊಮ್ಮೆ ತಿರುವಿದಳು. ಓದುವುದು ಒಮ್ಮೆ ಮಾತ್ರ ಎಂಬ ನಿಯಮವನ್ನು ಅವಳು ಮುರಿದದ್ದು ಅಷ್ಟೇ. ೨೦೦೩ರ ಜುಲೈ ಹತ್ತು ಬಂತು. ಅವಳದೇ ಕೈಬರಹ, ಅವಸರದ್ದು: ‘ಕಡುನೀಲಿಯ ಹಂಡೆ ಕೆಟ್ಟಿತು, ಮತ್ತೆ ಹಾಕಿಸಬೇಕಾಯಿತು. ಮನೆಗೆ ಬಂದಾಗ ಎಂಟೂಕಾಲು. ಕೂತದ್ದು ಎಂಟೂವರೆ, ಒಂದು ಗಂಟೆ ತಡ. ಹದಿನೇಳನೆಯ ದಾರಿ. ಜೊತೆಗಾರ: ಇದ್ದರು. ಸುಸ್ತಿಗೆ ಹಾಗೆ ಅನ್ನಿಸಿರಬೇಕು. ಲೆಕ್ಕಕ್ಕಿಲ್ಲ.’

ಅವಳು ಅವನ ಕಟ್ಟಿನಲ್ಲಿ ಅದೇ ತಾರೀಖನ್ನು ಹುಡುಕಿದಳು. ‘ಏಳೂವರೆ. ಗಾಳಿ ಇಲ್ಲ. ನಾಡಿ ಎಂಬತ್ತೆರಡು. ಇವತ್ತು ಕಾದಿದ್ದರು. ಪೂರ್ತಿ ದಾರಿ ಒಟ್ಟಿಗೆ ನಡೆದೆವು.’

ಅವನ ನಾಡಿ ಎಪ್ಪತ್ತು ದಾಟಿದ ಹಾಳೆ ಆ ಕಟ್ಟಿನಲ್ಲಿ ಅದೊಂದೇ. ಥೆಲ್ಮಾ ಬಹಳ ಹೊತ್ತು ಆ ಎರಡು ಹಾಳೆಗಳನ್ನು ಕಿಟಕಿಯ ಬೆಳಕಿಗೆ ಪಕ್ಕಪಕ್ಕ ಹಿಡಿದು ನಿಂತಿದ್ದಳು.

ಸೆಪ್ಟೆಂಬರ್ ಇಪ್ಪತ್ತೆರಡು ಗುರುವಾರವೇ ಬಂದಿತ್ತು. ಎಂಟು ಜನ ಸೇರಿದ್ದರು. ಕಬ್ಬಿಣದ ಬಕೆಟ್ಟು ಸಿದ್ಧವಿತ್ತು. ಮಿಸೆಸ್ ಓಲ್ಡ್‌ರಾಯ್ಡ್ ಪುಸ್ತಕ ತೆರೆದು, ಕ್ಲೆಮ್ ಸ್ಟೋರ್ ಎಂದು ಬರೆದು, ಪೆನ್ನು ಹಿಡಿದು, ಅವಳ ಕಡೆ ನೋಡಿ ‘ಐನೂರು’ ಎಂಬಂತೆ ಹುಬ್ಬು ಹಾರಿಸಿದಳು.

“ಸೋದರಿ, ನೀವಿಬ್ಬರೂ ಎಷ್ಟು ಸಲ ಒಟ್ಟಿಗೆ ಕುಳಿತಿರಿ?”

ಥೆಲ್ಮಾ ಎದ್ದು ನಿಂತಳು. ಚೀಲದಲ್ಲಿದ್ದ ಕಾಗದವನ್ನು ತೆಗೆಯಲಿಲ್ಲ. ಹಿಂದಿನ ಬೆಂಚಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಇನ್ನೂರ ಐದು.”